ಪೈಪ್ ಸೇದುವುದನ್ನು ಇಂಟರ್ನೆಟ್ ಬರುವ ಮೊದಲು ಕಲಿತವರು ಹೇಗೆ ಕಲಿತರು?

ಪ್ರಶ್ನೆ: ತುಂಗಾತೀರ (ತೀರ್ಥಹಳ್ಳಿ)

ಮಾನ್ಯರೇ,

ನಾನು ನಲವತ್ತು ದಾಟಿದವನು. ಕೆಲವು ವರ್ಷಗಳಿಂದ ರಾತ್ರಿ ಊಟ ಮುಗಿಸಿ, ಕವಳ (ಎಲೆ ಅಡಿಕೆ) ಹಾಕಿ, ಆಮೇಲೆ ಜಗಲಿಯಲ್ಲಿ ಕುಳಿತು ಒಂದು ಪೈಪ್ ಸೇದುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರು, ಬೀಡಿ ಸೇದುವವರು, ಇನ್ನೂ ನಶ್ಯದ ಡಬ್ಬಿ ಬಿಡದ ಹಿರಿಯರು ಬೇಕಾದಷ್ಟು ಮಂದಿ ಇದ್ದಾರೆ; ಪೈಪ್ ಸೇದುವವರು ಮಾತ್ರ ಒಬ್ಬರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೀಗಾಗಿ ತಂಬಾಕು ತುಂಬುವುದರಿಂದ ಹಿಡಿದು ಕೊಳವೆ ಶುಚಿ ಮಾಡುವವರೆಗೆ ನಾನು ಕಲಿತಿರುವುದೆಲ್ಲ ವಿಡಿಯೊಗಳನ್ನು ನೋಡಿ, ಅಲ್ಲಲ್ಲಿ ಸಿಕ್ಕ ಬರಹಗಳನ್ನು ಓದಿ.

ಅಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ, ತೊಡಕು ಅದರ ಅತಿಯಿಂದಲೇ ಬಂದಿದೆ. ಡಬ್ಬಿಯಿಂದ ತೆಗೆದ ತಂಬಾಕನ್ನು ಮುಟ್ಟಿದರೆ ಸದ್ದಾಗುವಷ್ಟು ಒಣಗಿಸಬೇಕೆಂದು ಒಬ್ಬರು ಹೇಳಿದರೆ, ಹಾಗೆ ಮಾಡಿದರೆ ಪರಿಮಳವೇ ಹೋಗುತ್ತದೆಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿನ ಒಳಗೋಡೆಗೆ ಕಟ್ಟುವ ಮಸಿಯ ಪದರವನ್ನು ಕಾಪಾಡಿಕೊಳ್ಳಬೇಕೆನ್ನುವವರೂ ಇದ್ದಾರೆ, ಪ್ರತಿ ಸಲವೂ ಬಟ್ಟೆಯಿಂದ ಒರೆಸಿ ತೆಗೆಯಬೇಕೆನ್ನುವವರೂ ಇದ್ದಾರೆ. ಮೂರು ಚಿಟಿಕೆಯಲ್ಲಿ ತುಂಬುವ ಕ್ರಮ, ತಳದಲ್ಲಿ ಗಾಳಿಗೆ ಜಾಗ ಬಿಟ್ಟು ಮೇಲಿನಿಂದ ಒತ್ತುವ ಕ್ರಮ, ಹೀಗೆ ಒಂದೊಂದಕ್ಕೂ ಒಂದೊಂದು ಪಂಥವೇ ಇದೆ. ಚಳಿಗಾಲ ಬೇಸಿಗೆಗಳಲ್ಲಿ ಯಾವ ಕ್ರಮದಲ್ಲಿ ತುಂಬಿದರೂ ನಡೆಯುತ್ತದೆ. ಜೂನ್ ಹುಟ್ಟಿತೆಂದರೆ ಯಾವುದೂ ನಡೆಯುವುದಿಲ್ಲ. ಪೈಪ್ ಪದೇ ಪದೇ ಆರುತ್ತದೆ, ಕೊಳವೆಯಲ್ಲಿ ಗೊರಗೊರ ಸದ್ದಾಗುತ್ತದೆ, ನಾಲಗೆ ಉರಿಯುತ್ತದೆ.

ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿಯೇ ಇದ್ದು ಕಲಿತವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ: ನಿಮಗೆ ಸರಿ ಯಾವುದು, ತಪ್ಪು ಯಾವುದು ಎಂದು ತಿಳಿಸುತ್ತಿದ್ದವರು ಯಾರು? ನಿಮಗೆ ಗೊತ್ತಿದ್ದು ಈ ವಿಡಿಯೊಗಳಲ್ಲಿ ಬಾರದೇ ಉಳಿದಿರುವುದು ಏನಾದರೂ ಇದೆಯೇ?

ಉತ್ತರ: ನಿವೃತ್ತ ಇಂಜಿನಿಯರ್ (ಸಾಗರ)

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಿರಿಯ ಇಂಜಿನಿಯರಾಗಿ ಕಾರ್ಗಲ್ಲಿಗೆ ಬಂದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲೇ ಮುಗಿದಿದ್ದರೂ ಕಾಲೊನಿ ತುಂಬಿತ್ತು, ಮತ್ತು ಅಂದಿನ ಹಿರಿಯ ಅಧಿಕಾರಿಗಳಲ್ಲಿ ತರಬೇತಿಗೆಂದು ಹೊರದೇಶಕ್ಕೆ ಹೋಗಿ ಬಂದ ಕೆಲವರು ಅಲ್ಲಿಂದ ಪೈಪಿನ ಅಭ್ಯಾಸವನ್ನೂ ತಂದಿದ್ದರು. ನನಗೆ ಕಲಿಸಿದವರು ಅಂಥ ಒಬ್ಬರು. ಕಲಿಸಿದರು ಎನ್ನುವುದೂ ಪೂರ್ತಿ ಸರಿಯಲ್ಲ. ಅವರು ಏನನ್ನೂ ವಿವರಿಸಲಿಲ್ಲ. ಮೊದಮೊದಲು ನನ್ನ ಪೈಪನ್ನು ತಾವೇ ತುಂಬಿ, ತಾವೇ ಕಡ್ಡಿ ಗೀರಿ, ಒಂದೆರಡು ದಮ್ ಎಳೆದು, ಬಾಯಿಯ ತುದಿ ಒರೆಸಿ ನನ್ನ ಕೈಗೆ ಕೊಡುತ್ತಿದ್ದರು. ಸರಿಯಾಗಿ ತುಂಬಿದ ಪೈಪಿನಲ್ಲಿ ಗಾಳಿ ಎಷ್ಟು ಸಲೀಸಾಗಿ ಬರುತ್ತದೆ, ಎಷ್ಟು ತಡೆಯುತ್ತದೆ ಎಂಬುದು ಹೀಗೆ ಬಾಯಿಗೆ ಮೊದಲು ಗೊತ್ತಾಯಿತು. ಆಮೇಲೆ ನಾನೇ ತುಂಬಲು ತೊಡಗಿದಾಗ ಆ ಅಳತೆಗೆ ಬರುವವರೆಗೂ ಬಿಚ್ಚಿ ಬಿಚ್ಚಿ ತುಂಬುತ್ತಿದ್ದೆ. ಬರಿಯ ಕಣ್ಣಿನಿಂದ ನೋಡಿ ಕಲಿಯುವವರಿಗೆ ಈ ಅಳತೆ ಸಿಗುವುದು ಕಷ್ಟವೆಂದು ನನಗನ್ನಿಸುತ್ತದೆ, ಏಕೆಂದರೆ ಪರದೆಯ ಮೇಲೆ ಬೆರಳು ಕಾಣುತ್ತದೆ, ಬೆರಳಿನ ಒತ್ತಡ ಕಾಣುವುದಿಲ್ಲ.

ಎರಡನೆಯದಾಗಿ, ನಮಗೆ ಆಯ್ಕೆ ಎಂಬುದೇ ಇರಲಿಲ್ಲ. 1991ಕ್ಕೆ ಮೊದಲು ಆಮದಿನ ಮೇಲೆ ಎಷ್ಟು ನಿರ್ಬಂಧವಿತ್ತೆಂದು ಇಂದಿನವರಿಗೆ ಹೇಳಿ ನಂಬಿಸುವುದೂ ಕಷ್ಟ. ಬೆಂಗಳೂರಿಗೆ ಹೋದವರು ತಂದುಕೊಟ್ಟ ನೇವಿ ಕಟ್ ಎಂಬ ಪೈಪ್ ತಂಬಾಕಿನ ಡಬ್ಬಿ ಎಷ್ಟು ತಿಂಗಳು ಬರುತ್ತದೋ ಅಷ್ಟು ತಿಂಗಳೂ ಅದೇ ತಂಬಾಕು. ನಾಲಗೆ ಉರಿದರೆ ತಂಬಾಕನ್ನು ಬದಲಿಸುವ ದಾರಿ ಇರಲಿಲ್ಲವಾದ್ದರಿಂದ ಸೇದುವ ರೀತಿಯನ್ನು ಬದಲಿಸಬೇಕಾಗುತ್ತಿತ್ತು. ಅದೇ ಎಲೆ ಮಾರ್ಚ್ ತಿಂಗಳಿನಲ್ಲಿ ಹೇಗೆ ಉರಿಯುತ್ತದೆ, ಆಷಾಢದಲ್ಲಿ ಹೇಗೆ ಹೊಗೆಯಾಡುತ್ತದೆ ಎಂಬುದು ಮನದಟ್ಟಾಗುತ್ತಿತ್ತು. ಒತ್ತಲು ಬೇಕಾದ ಟ್ಯಾಂಪರನ್ನು ವರ್ಕ್‌ಶಾಪಿನಲ್ಲಿ ದೊಡ್ಡ ಮೊಳೆಯೊಂದರ ತಲೆಯನ್ನು ಅರ ಹಾಕಿ ನುಣುಪು ಮಾಡಿಸಿಕೊಂಡಿದ್ದೆವು. ಅದಕ್ಕಿಂತ ಒಳ್ಳೆಯದು ನನಗೆ ಇವತ್ತಿಗೂ ಸಿಕ್ಕಿಲ್ಲ.

ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಇದರ ಅರ್ಥವಲ್ಲ. ನಮ್ಮ ವಲಯದಲ್ಲಿ ಯಾರೂ ಪ್ರಶ್ನಿಸದ ಮೂಢನಂಬಿಕೆಗಳು ಹೇರಳವಾಗಿದ್ದವು. ಹೊಸ ಪೈಪಿನ ಒಳಗೋಡೆಗೆ ಜೇನುತುಪ್ಪ ಸವರಬೇಕು, ಒಂದು ಸಲ ಆರಿದ ಪೈಪನ್ನು ಮತ್ತೆ ಹೊತ್ತಿಸುವುದು ಅನನುಭವದ ಗುರುತು, ಮಸಿಯ ಪದರ ದಪ್ಪವಾದಷ್ಟೂ ಪೈಪಿನ ಯೋಗ್ಯತೆ ಹೆಚ್ಚು, ಇಂಥವು. ಕೊನೆಯದಂತೂ ಹಾನಿಕರವಾದದ್ದು. ಪೈಪ್ ಮಾಡುವ ಮರವಾದ ಬ್ರಯರ್ ಎಂದರೆ ಮೆಡಿಟರೇನಿಯನ್ ತೀರದ ಒಂದು ಪೊದೆಗಿಡದ ಬೇರಿನ ಗಂಟು. ಅದು ಬಿಸಿಗೆ ಹಿಗ್ಗುವ ಪ್ರಮಾಣವೇ ಬೇರೆ, ಮಸಿ ಹಿಗ್ಗುವ ಪ್ರಮಾಣವೇ ಬೇರೆ, ಆದ್ದರಿಂದ ಪದರ ತೀರ ದಪ್ಪವಾದರೆ ಬಟ್ಟಲೇ ಸೀಳಬಹುದು. ಸುಮಾರು ಒಂದರಿಂದ ಒಂದೂವರೆ ಮಿಲಿಮೀಟರ್, ಅಂದರೆ ಒಂದು ನಾಣ್ಯದ ದಪ್ಪ, ಅಷ್ಟು ಸಾಕು. ಈ ಕಾರಣವನ್ನು ನನಗೆ ಹೇಳಿದವರು ಕಾಲೊನಿಯ ಹಿರಿಯರಲ್ಲ. ನಿವೃತ್ತನಾದ ಮೇಲೆ ನಾನು ಅದನ್ನು ಓದಿ ತಿಳಿದದ್ದು ಇದೇ ಇಂಟರ್ನೆಟ್ಟಿನಲ್ಲಿ. ಹೀಗೆ ಮಾಡು ಎಂದು ಹೇಳುವವರು ನಮಗೆ ಇದ್ದರು, ಹಾಗೇಕೆ ಎಂದು ಹೇಳುವವರು ಇರಲಿಲ್ಲ.

ಉತ್ತರ: ಕಾಫಿ ಬೆಳೆಗಾರ (ಕೊಪ್ಪ)

ನಾನು ಇವೆರಡು ಕಾಲಗಳ ನಡುವೆ ಬಂದವನು. ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಈ ದೇಶದಲ್ಲಿ ಶುರುವಾದದ್ದು 1995ರ ಆಗಸ್ಟ್ 15ರಂದು, ಮಹಾನಗರಗಳಲ್ಲಿ. ನಮ್ಮ ಗುಡ್ಡಗಳಿಗೆ ಅದು ತಲುಪುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು, ಮತ್ತು ಮಳೆಗಾಲದಲ್ಲಿ ಟೆಲಿಫೋನ್ ತಂತಿಯ ಮೇಲೆ ಮರ ಬಿದ್ದರೆ ಅದೂ ಇಲ್ಲ. ಆಗ ವಿಡಿಯೊ ಎಲ್ಲಿಯದು? ಚಿಕ್ಕಮಗಳೂರಿನ ಸೈಬರ್ ಕೆಫೆಯಲ್ಲಿ, ಬರಹದಲ್ಲೇ ಮಾತುಕತೆ ನಡೆಯುತ್ತಿದ್ದ ಯೂಸ್‌ನೆಟ್ ಗುಂಪುಗಳ ಚರ್ಚೆಗಳನ್ನು ಹುಡುಕಿ, ಬೇಕಾದ ಪುಟಗಳನ್ನು ಪ್ರಿಂಟ್ ಹಾಕಿಸಿ, ಮನೆಗೆ ತಂದು ಓದುತ್ತಿದ್ದೆ. ಚಿತ್ರವಿಲ್ಲದ ಬರಿಯ ಮಾತಿನ ವಿವರಣೆಯಾದ್ದರಿಂದ ಅದನ್ನು ಬರೆದವರು ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳುತ್ತಿದ್ದರು. ಈಗಿನ ವಿಡಿಯೊಗಳಲ್ಲಿ "ನೋಡಿ, ಹೀಗೆ" ಎಂದು ಮುಂದೆ ಹೋಗುವ ಕಡೆಗಳಲ್ಲಿ ಅಂದಿನವರು ಒಂದು ಪ್ಯಾರಾ ಬರೆಯುತ್ತಿದ್ದರು.

ಇಂಟರ್ನೆಟ್ಟಿನಿಂದ ನನಗೆ ದೊರೆತ ದೊಡ್ಡ ಲಾಭ ಸಾಗರದ ಸರ್ ಹೇಳಿದ ಆ "ಏಕೆ" ಎಂಬುದೇ. ನಾಲಗೆ ಉರಿಯುವುದಕ್ಕೆ ಮುಖ್ಯ ಕಾರಣ ಹಬೆ: ತೇವವಿರುವ ತಂಬಾಕನ್ನು ಅವಸರದಿಂದ ಎಳೆದಾಗ ಹೊಗೆಯೊಂದಿಗೆ ಬಿಸಿ ಹಬೆಯೂ ಬರುತ್ತದೆ. ಗೊರಗೊರ ಸದ್ದು ಆ ಹಬೆ ಕೊಳವೆಯಲ್ಲಿ ತಣಿದು ನೀರಾದದ್ದರದು. ಹತ್ತಿ ಸುತ್ತಿದ ತಂತಿಯನ್ನು ಒಮ್ಮೆ ತೂರಿಸಿದರೆ ನಿಲ್ಲುತ್ತದೆ. ಮೊದಲ ಕಡ್ಡಿಯ ಬೆಂಕಿಗೆ ತಂಬಾಕು ಸುರುಳಿ ಬಿಚ್ಚಿ ಮೇಲೇಳುವುದರಿಂದ ಅದನ್ನು ಮೆಲ್ಲಗೆ ಒತ್ತಿ, ಎರಡನೆಯ ಕಡ್ಡಿಯಿಂದ ನಿಜವಾಗಿ ಹೊತ್ತಿಸಬೇಕು. ಬಿಸಿಯಿರುವಾಗ ಕೊಳವೆಯನ್ನು ಬಟ್ಟಲಿನಿಂದ ಕೀಳಬಾರದು, ಏಕೆಂದರೆ ಹಿಗ್ಗಿದ ಮರ ಸೀಳುತ್ತದೆ ಅಥವಾ ಕೀಲು ಸಡಿಲವಾಗುತ್ತದೆ. ಹಳೆಯ ಪೈಪಿನ ಕಮಟು ಹೋಗಬೇಕಾದರೆ ಬಟ್ಟಲಿಗೆ ಕಲ್ಲುಪ್ಪು ತುಂಬಿ, ಅದು ನೆನೆಯುವಷ್ಟು ಸ್ಪಿರಿಟ್ ಹನಿಸಿ ರಾತ್ರಿಯಿಡೀ ಇಡಬೇಕು, ಬೆಳಗ್ಗೆ ಉಪ್ಪು ಕಂದಾಗಿರುತ್ತದೆ. ಕುಡಿಯುವ ತರದ ಶುದ್ಧ ಆಲ್ಕೊಹಾಲೇ ಆಗಬೇಕು, ಬಣ್ಣದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ವಿಷ.

ಮೂರು ಚಿಟಿಕೆಯ ಕ್ರಮದ ಬಗ್ಗೆ ಒಂದು ಮಾತು. ಮೊದಲ ಚಿಟಿಕೆಯನ್ನು ಮಗುವಿನ ಕೈಯಿಂದ, ಎರಡನೆಯದನ್ನು ಹೆಂಗಸಿನ ಕೈಯಿಂದ, ಮೂರನೆಯದನ್ನು ಗಂಡಸಿನ ಕೈಯಿಂದ ಒತ್ತಬೇಕೆಂಬ ಹಳೆಯ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಅಡಿಕೆ ಸುಲಿಯುವ ನಮ್ಮೂರಿನ ಹೆಂಗಸರ ಕೈಯನ್ನು ಆ ಸೂತ್ರ ಮಾಡಿದವರು ನೋಡಿರಲಾರರು. ಆ ಬಲದಿಂದ ಎರಡನೆಯ ಚಿಟಿಕೆಯನ್ನು ಒತ್ತಿದರೆ ಪೈಪಿನಲ್ಲಿ ಗಾಳಿಯೇ ಹಾಯದು. ತಳದಲ್ಲಿ ಸಡಿಲ, ಮೇಲೆ ಬಿಗಿ, ಅಷ್ಟು ತಿಳಿದರೆ ಸಾಕು.

ಈಗ ನಿಮ್ಮ ಜೂನ್ ತಿಂಗಳ ತೊಡಕಿಗೆ ಬರುತ್ತೇನೆ. ವಿಡಿಯೊಗಳನ್ನು ಮಾಡುವವರು ಹೆಚ್ಚಾಗಿ ಒಣಹವೆಯ ಊರುಗಳಲ್ಲಿ, ಹೀಟರ್ ಇರುವ ಕೋಣೆಗಳಲ್ಲಿ ಕುಳಿತವರು. "ತಂಬಾಕನ್ನು ಒಂದು ಗಂಟೆ ತಟ್ಟೆಯಲ್ಲಿ ಹರವಿಡಿ" ಎಂದು ಅವರು ಹೇಳುವುದು ಅವರಿಗೆ ಸರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಬುಡದಲ್ಲಿ, ಚಪ್ಪಲಿಗೂ ಹಪ್ಪಳಕ್ಕೂ ಬೂಷ್ಟು ಹಿಡಿಯುವ ತಿಂಗಳಿನಲ್ಲಿ, ತಟ್ಟೆಯಲ್ಲಿ ಹರವಿಟ್ಟ ತಂಬಾಕು ಒಣಗುವ ಬದಲು ಇನ್ನಷ್ಟು ನೀರು ಕುಡಿಯುತ್ತದೆ. ಎಲೆಯೊಳಗಿನ ತೇವ ಸುತ್ತಲಿನ ಗಾಳಿಯ ತೇವದೊಂದಿಗೆ ಸಮತೋಲಕ್ಕೆ ಬರುವ ವಸ್ತು. ಗಾಳಿಯ ತೇವ ಶೇಕಡ 60ರ ಆಸುಪಾಸಿನಲ್ಲಿದ್ದರೆ ತಂಬಾಕು ಸೇದುವ ಸ್ಥಿತಿಯಲ್ಲಿರುತ್ತದೆ, ಶೇಕಡ 75 ದಾಟಿ ಹಾಗೆಯೇ ನಿಂತರೆ ಬೂಷ್ಟಿಗೆ ಅನುಕೂಲ. ಸುವಾಸನೆ ಹಾಕಿದ ತಂಬಾಕಿಗೆ ಒಣಗದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ, ಆದ್ದರಿಂದ ಮಳೆಗಾಲದಲ್ಲಿ ಅದು ಒಣಗುವ ಆಸೆಯೇ ಬೇಡ. ಆ ದಿನ ಬೇಕಾದ ಎರಡು ಮೂರು ಗ್ರಾಂ ಮಾತ್ರ ಹೊರತೆಗೆದು, ಬಿಸಿ ಮಾಡಿ ಒಲೆಯಿಂದ ಇಳಿಸಿ ಕೈ ತಾಳುವಷ್ಟು ಆರಿದ ಕಾವಲಿಯ ಮೇಲೆ ಕಾಗದ ಹಾಸಿ ಹರವಿ, ಕೂಡಲೇ ತುಂಬಿ ಸೇದಿ. ಉಳಿದದ್ದನ್ನು ರಬ್ಬರ್ ವಾಷರ್ ಇರುವ ಗಾಜಿನ ಭರಣಿಯಲ್ಲಿ ಮುಚ್ಚಿಡಿ, ದಿನಾ ತೆರೆಯಬೇಡಿ. ಬಚ್ಚಲ ಒಲೆಯ ಹತ್ತಿರ ಇಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತಂಬಾಕು ಸೌದೆಯ ಹೊಗೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹೊಗೆಯಲ್ಲಿಯೇ ಹದ ಮಾಡುವ ಲಟಾಕಿಯಾ ಎಂಬ ಎಲೆ ಇದೆ, ಸೈಪ್ರಸ್ಸಿನಿಂದ ಬರುತ್ತದೆ. ಅದರ ಡಬ್ಬಿ ತೆರೆದಾಗಲೆಲ್ಲ ನಮ್ಮ ಮನೆಯವರು ಅಡುಗೆಮನೆಯ ಅಟ್ಟ ಇಳಿದು ಬಂದಂತಿದೆ ಎನ್ನುತ್ತಾರೆ.

ಇಂಟರ್ನೆಟ್ ಕೊಟ್ಟ ಕೇಡು ಕೊಳ್ಳುವ ಚಟ. ಒಂದು ತಂಬಾಕು ಒಗ್ಗದಿದ್ದರೆ ಹೊಗೆಯ ವೇಗ ತಗ್ಗಿಸುವ ಬದಲು ಇನ್ನೊಂದು ಡಬ್ಬಿ ತರಿಸುವುದು, ಅದೂ ಒಗ್ಗದಿದ್ದರೆ ಪೈಪನ್ನೇ ಬದಲಿಸುವುದು. ಹೀಗೆ ಕಪಾಟು ತುಂಬಿದ ಗೆಳೆಯರು ನನಗೆ ಗೊತ್ತು. ಅವರ ನಾಲಗೆ ಇನ್ನೂ ಉರಿಯುತ್ತಲೇ ಇದೆ.

ಉತ್ತರ: ವಿನೋಬನಗರದವನು (ಶಿವಮೊಗ್ಗ)

ಹಿರಿಯರಿಬ್ಬರ ಮಾತುಗಳಿಗೂ ಗೌರವವಿಟ್ಟೇ ಒಂದು ಆಕ್ಷೇಪ ಎತ್ತುತ್ತೇನೆ. ಇಂಟರ್ನೆಟ್ಟಿಗೆ ಮೊದಲು ಕಲಿತವರ ಅನುಭವ ಎಂದು ನಾವು ಇಲ್ಲಿ ಓದುತ್ತಿರುವುದು ಕಲಿತು ಉಳಿದವರ ಅನುಭವವನ್ನು ಮಾತ್ರ. ಪಕ್ಕದಲ್ಲಿ ತುಂಬಿಕೊಡುವ ಅಧಿಕಾರಿ ಇಲ್ಲದೆ, ಊರಿನ ಪೇಟೆಯಲ್ಲಿ ಪೈಪ್ ಒಂದನ್ನು ಕೊಂಡು, ನಾಲಗೆ ಸುಟ್ಟುಕೊಂಡು, ಅದನ್ನು ಮೂಲೆಗೆ ಎಸೆದವರು ಎಷ್ಟು ಮಂದಿಯೋ. ಅವರಾರೂ ಈಗ ಬಂದು ಉತ್ತರ ಬರೆಯುವುದಿಲ್ಲ. ಹಾಗೆ ಕೈಹಿಡಿದು ಕಲಿಸುವವರು ಸಿಗುತ್ತಿದ್ದದ್ದೂ ಅಧಿಕಾರಿಗಳ ಕಾಲೊನಿ, ಎಸ್ಟೇಟ್ ಬಂಗಲೆ, ಭದ್ರಾವತಿಯ ಕಾರ್ಖಾನೆಯ ಇಂಜಿನಿಯರುಗಳ ಕ್ಲಬ್ ಮುಂತಾದ ಕೆಲವೇ ಕಡೆಗಳಲ್ಲಿ. ನನ್ನಂಥವನಿಗೆ ಆ ಬಾಗಿಲುಗಳು ತೆರೆದಿರುತ್ತಿದ್ದವೆಂದು ನನಗನ್ನಿಸುವುದಿಲ್ಲ.

ಇನ್ನೊಂದು: ಜೊತೆಗೆ ಕುಳಿತು ಕಲಿಯುವುದು ನಿಂತುಹೋದದ್ದಕ್ಕೆ ಇಂಟರ್ನೆಟ್ ಕಾರಣವಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆಯಡಿ 2008ರ ಅಕ್ಟೋಬರ್ 2ರಿಂದ ಕಚೇರಿ, ಹೋಟೆಲು ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಯಿತು. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ, ಸಾರ್ವಜನಿಕವಾಗಿ ಸೇದಿದರೆ ದಂಡ 1,000 ರೂಪಾಯಿಯವರೆಗೆ ಇದೆ. ಇವೆಲ್ಲ ಆಗಬೇಕಾದದ್ದೇ ಎಂದು ಸೇದುವವನಾದ ನಾನೂ ಒಪ್ಪುತ್ತೇನೆ. ಆದರೆ ಇದರ ಪರಿಣಾಮವಾಗಿ ಪೈಪ್ ಸೇದುವವನು ಕಚೇರಿ, ಕ್ಲಬ್ಬುಗಳಿಂದ ತನ್ನ ಮನೆಯ ಜಗಲಿಗೆ ಬಂದ. ಒಬ್ಬಂಟಿಯಾದವನಿಗೆ ಪರದೆಯಲ್ಲದೆ ಬೇರೆ ಗುರು ಯಾರಿದ್ದಾರೆ?

ಉತ್ತರ: ದಂತವೈದ್ಯೆ (ಶಿವಮೊಗ್ಗ)

ಪ್ರಶ್ನೆ ಕೇಳಿದವರು ನಡುವೆ ಒಂದು ಮಾತನ್ನು ಸಹಜವಾಗಿ ಹೇಳಿ ಮುಂದೆ ಹೋಗಿದ್ದಾರೆ, ಅದನ್ನು ಯಾರೂ ಗಮನಿಸಲಿಲ್ಲ: ಕವಳ ಹಾಕಿ, ಆಮೇಲೆ ಪೈಪ್. ಸುಣ್ಣ ಮತ್ತು ಅಡಿಕೆ ತಾಗಿ ಆಗಲೇ ಒರಟಾಗಿರುವ ನಾಲಗೆಗೆ ಬಿಸಿ ಹೊಗೆ ಬಿದ್ದರೆ ಉರಿಯದೆ ಇರುತ್ತದೆಯೇ? ಮಳೆಗಾಲದಲ್ಲಿ ನಮ್ಮ ಕಡೆಯವರು ಬೆಚ್ಚಗಿರಲೆಂದು ಕವಳವನ್ನೂ ಹೆಚ್ಚು ಹಾಕುತ್ತಾರೆ. ಹೊರದೇಶದ ವಿಡಿಯೊಗಳಲ್ಲಿ ಇದರ ಪ್ರಸ್ತಾಪ ಇರಲು ಸಾಧ್ಯವಿಲ್ಲ, ಹಳೆಯ ಕಾಲೊನಿಯ ಹಿರಿಯರೂ ಇದನ್ನು ಯೋಚಿಸಿರಲಾರರು. ತೇವದ ತಂಬಾಕು ಒಂದು ಕಾರಣವಿರಬಹುದು. ಕವಳವನ್ನು ಬಿಟ್ಟು ನೋಡಿದರೆ ಇನ್ನೊಂದು ಕಾರಣ ಎಷ್ಟು ದೊಡ್ಡದೆಂದು ನಿಮಗೇ ತಿಳಿಯುತ್ತದೆ.

ನನ್ನ ಮುಖ್ಯ ಮಾತು ಬೇರೆ. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ಹಳಬರಿಂದ ಹೊಸಬರಿಗೆ ಅಷ್ಟೇ ಗಟ್ಟಿಯಾಗಿ ಇಳಿದುಬಂದಿದೆ. ಪೈಪಿನ ಹೊಗೆ ಸಿಗರೇಟಿನ ಹೊಗೆಗಿಂತ ಹೆಚ್ಚು ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಎದೆಗೆ ಎಳೆಯದಿದ್ದರೂ ಚಟ ಹತ್ತುವುದು ಹೀಗೆ. ಪೈಪ್ ಸೇದುವುದಕ್ಕೂ ತುಟಿಯ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಮೆರಿಕದ ಸರ್ಜನ್ ಜನರಲ್ ವರದಿ 1964ರಲ್ಲೇ ಹೇಳಿತ್ತು, ಅಂದರೆ ಲಿಂಗನಮಕ್ಕಿ ಕಟ್ಟಿ ಮುಗಿದ ವರ್ಷವೇ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳಗಳ ಕ್ಯಾನ್ಸರಿನ ಸಾಧ್ಯತೆಯನ್ನೂ ಇದು ಹೆಚ್ಚಿಸುತ್ತದೆ. ಇನ್ನು ಅಡಿಕೆ: ತಂಬಾಕು ಇಲ್ಲದ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ತೋಟಗಳ ನಡುವೆ ಕುಳಿತು ಇದನ್ನು ಹೇಳುವುದು ಜನಪ್ರಿಯವಾದ ಕೆಲಸವಲ್ಲವೆಂದು ಬಲ್ಲೆ. ಎರಡನ್ನೂ ಒಂದೇ ಬಾಯಿ ಹೊರುತ್ತಿದೆ ಎಂಬುದನ್ನು ಪ್ರಶ್ನೆ ಕೇಳಿದವರು ಮರೆಯಬಾರದು.

ಪೈಪ್ ಸೇದುವವರ ಅಂಗುಳಿನಲ್ಲಿ ಬೆಳ್ಳಗಿನ ದಡ್ಡು, ಅದರ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಕಾಣುವುದುಂಟು. ಅದು ಮುಖ್ಯವಾಗಿ ಬಿಸಿಯಿಂದ ಆಗುವಂಥದು, ಸೇದುವುದನ್ನು ಬಿಟ್ಟರೆ ಸಾಮಾನ್ಯವಾಗಿ ಮರೆಯಾಗುತ್ತದೆ. ನಾಲಗೆಯ ಅಂಚಿನಲ್ಲೋ ಕೆನ್ನೆಯ ಒಳಗೋ ಬಿಳಿ ಅಥವಾ ಕೆಂಪು ಕಲೆ ಕಂಡು ಎರಡು ವಾರದಲ್ಲಿ ಹೋಗದಿದ್ದರೆ ತಡಮಾಡದೆ ತೋರಿಸಬೇಕು. ಕೊಳವೆಯನ್ನು ಯಾವಾಗಲೂ ಒಂದೇ ಕಡೆಯ ಹಲ್ಲುಗಳಲ್ಲಿ ಕಚ್ಚಿ ಹಿಡಿಯುವವರಿಗೆ ಆ ಹಲ್ಲುಗಳು ಸವೆದು ನಡುವೆ ಕಿಂಡಿ ಬೀಳುತ್ತದೆ. ಅದನ್ನು ನೋಡಿಯೇ ಇವರು ಪೈಪ್ ಸೇದುವವರೆಂದು ನಾವು ಹೇಳಬಲ್ಲೆವು. ಬಿಡುವುದೇ ಒಳ್ಳೆಯದು ಎಂಬ ನನ್ನ ಸಲಹೆಯನ್ನು ಇಲ್ಲಿ ಮುಚ್ಚಿಡುವ ಕಾರಣ ನನಗಿಲ್ಲ.

ಉತ್ತರ: ಪಿರಿಯಾಪಟ್ಟಣದ ಕಡೆಯವನು (ಈಗ ಭದ್ರಾವತಿ)

ನಾನು ಪೈಪ್ ಸೇದುವವನಲ್ಲ, ತಂಬಾಕು ಬೆಳೆದ ಮನೆಯವನು. ನೀವೆಲ್ಲ ವರ್ಜೀನಿಯಾ ಎಂದು ದೂರದಿಂದ ತರಿಸುವ ಎಲೆಯ ಜಾತಿಯೇ ಹುಣಸೂರು, ಪಿರಿಯಾಪಟ್ಟಣಗಳ ಹೊಲದಲ್ಲಿ ಬೆಳೆದು, ಎಲೆ ಹದ ಮಾಡುವ ಬ್ಯಾರನ್ನಿನ ಬಿಸಿಗಾಳಿಯಲ್ಲಿ ಹಳದಿಯಾಗಿ, ತಂಬಾಕು ಮಂಡಳಿಯ ಹರಾಜಿಗೆ ಹೋಗುತ್ತದೆ. ಬ್ಯಾರನ್ನಿನಿಂದ ಆಗಷ್ಟೇ ಇಳಿಸಿದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ಗಾಳಿಯ ತೇವ ಸ್ವಲ್ಪ ಹೀರಿ ಮೆತ್ತಗಾದ ಮೇಲೆಯೇ ಅದನ್ನು ವಿಂಗಡಿಸಿ ಕಟ್ಟುವುದು. ಹೆಚ್ಚು ಮೆತ್ತಗಾದರೆ ಹೊರೆಯೊಳಗೆ ಬೂಷ್ಟು ಹಿಡಿದು ಬೆಲೆ ಬಿದ್ದುಹೋಗುತ್ತದೆ. ಇದಕ್ಕೆ ನಮ್ಮ ಮನೆಯಲ್ಲಿ ಯಾರೂ ಮೀಟರ್ ಹಿಡಿದವರಲ್ಲ, ಎಲ್ಲ ಕೈಯ ಅಂದಾಜು. ಕತ್ತರಿಸಿದ ತಂಬಾಕಿಗೂ ಅದೇ ಪರೀಕ್ಷೆ ಸಾಕು: ಒಂದು ಚಿಟಿಕೆಯನ್ನು ಬೆರಳುಗಳ ನಡುವೆ ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ಹಸಿ, ಮುರಿದು ಉದುರಿದರೆ ಅತಿಯಾಗಿ ಒಣಗಿದೆ, ಮೆಲ್ಲಗೆ ತಾನಾಗಿ ಬಿಚ್ಚಿಕೊಂಡರೆ ಸರಿ. ತಟ್ಟೆಯಲ್ಲಿ ಎಷ್ಟು ಗಂಟೆ ಇಡಬೇಕೆಂದು ಗಡಿಯಾರ ನೋಡುವ ಅಗತ್ಯ ಆಗ ಇರುವುದಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಅವರೇ, ಕವಳದ ವಿಷಯ ನನಗೆ ಹೊಳೆದೇ ಇರಲಿಲ್ಲ. ಬಾಯಿ ಪರೀಕ್ಷೆಯನ್ನೂ ಈ ತಿಂಗಳಿನಲ್ಲಿಯೇ ಮಾಡಿಸುತ್ತೇನೆ. ಸಾಗರದ ಸರ್ ಅವರಲ್ಲಿ ಇನ್ನು ಎರಡು ಪ್ರಶ್ನೆಗಳಿವೆ. ವಿನೋಬನಗರದವರ ಆಕ್ಷೇಪಕ್ಕೆ ನಿಮ್ಮ ಉತ್ತರವೇನು? ಮಳೆಗಾಲದಲ್ಲಿ ಪೈಪಿನ ಕಪ್ಪು ಕೊಳವೆ ಹಸಿರುಗಂದು ಬಣ್ಣಕ್ಕೆ ತಿರುಗಿ ಕಹಿಯಾಗುತ್ತದೆಯಲ್ಲ, ಅದಕ್ಕೆ ನಿಮ್ಮ ಕಾಲದಲ್ಲಿ ಏನು ಮಾಡುತ್ತಿದ್ದಿರಿ?

ಉತ್ತರ: ನಿವೃತ್ತ ಇಂಜಿನಿಯರ್ (ಸಾಗರ)

ವಿನೋಬನಗರದವರು ಹೇಳಿದ್ದು ಸರಿ. ಬಿಟ್ಟುಹೋದವರ ಲೆಕ್ಕ ನಮ್ಮಲ್ಲಿ ಇಲ್ಲ, ಬಾಗಿಲುಗಳೂ ಎಲ್ಲರಿಗೂ ತೆರೆದಿರಲಿಲ್ಲ. ಆದರೂ ಜೊತೆಯಲ್ಲಿ ಕಲಿತವರಿಗೆ ದಕ್ಕಿದ ಒಂದು ಅಂಶವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೊದಲ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಅದೇ. ಅದು ವೇಗ. ನಾವು ಸೇದುತ್ತಿದ್ದದ್ದು ಮಾತಿನ ನಡುವೆ. ಮಾತಾಡುವವನು ದಮ್ ಎಳೆಯಲಾರ. ಕೇಳುವವನು ಒಮ್ಮೆ ಎಳೆದು, ಪ್ರಶ್ನೆ ಹಾಕಿ, ಉತ್ತರ ಬರುವಷ್ಟರಲ್ಲಿ ಇನ್ನೊಮ್ಮೆ ಎಳೆಯುತ್ತಿದ್ದ. ನಿಧಾನ ಎಂಬುದನ್ನು ನಮಗೆ ಯಾರೂ ಪಾಠವಾಗಿ ಹೇಳಲಿಲ್ಲ, ಅದು ಹರಟೆಯಿಂದ ತಾನಾಗಿ ಬಂತು. ಯುರೋಪಿನಲ್ಲಿ ನಿಧಾನವಾಗಿ ಸೇದುವ ಸ್ಪರ್ಧೆಗಳು ನಡೆಯುತ್ತವೆ. 3 ಗ್ರಾಂ ತಂಬಾಕನ್ನು ಎರಡು ಗಂಟೆಗೂ ಮೀರಿ ಉರಿಸುವವರು ಅಲ್ಲಿದ್ದಾರೆ. ಅಷ್ಟು ಬೇಕಾಗಿಲ್ಲ, ಆದರೆ ಒಬ್ಬರೇ ಕುಳಿತು ಮೊಬೈಲ್ ನೋಡುತ್ತಾ ಸೇದುವವರ ಬಾಯಿಗೆ ಮಾತಿನ ಕೆಲಸವಿಲ್ಲ, ಹೀಗಾಗಿ ಅರಿವಿಲ್ಲದೆ ಎಳೆಯುತ್ತಲೇ ಇರುತ್ತಾರೆ. ಮಳೆಗಾಲದಲ್ಲಿ ತೇವದ ತಂಬಾಕು ಆರಬಾರದೆಂಬ ಆತಂಕ ಸೇರಿದರೆ ವೇಗ ಇನ್ನೂ ಹೆಚ್ಚುತ್ತದೆ, ಹಬೆಯೂ ಹೆಚ್ಚುತ್ತದೆ. ಆರಿದರೆ ಆರಲಿ ಬಿಡಿ. ಮೇಲಿನ ಬೂದಿಯನ್ನು ಮೆಲ್ಲಗೆ ಒತ್ತಿ ಮತ್ತೆ ಕಡ್ಡಿ ಗೀರಿ. ಜಗಲಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಮೊಬೈಲನ್ನು ಒಳಗಿಟ್ಟು ಬನ್ನಿ. ಡಾಕ್ಟರ್ ಹೇಳಿದ ಅಪಾಯಗಳು ನಿಧಾನವಾಗಿ ಸೇದಿದರೆ ಇಲ್ಲವಾಗುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಕೊಳವೆಯ ವಿಷಯ. ಅದು ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆಳಕು ಮತ್ತು ತೇವ ತಾಗಿ ಮೇಲ್ಮೈಯ ರಬ್ಬರ್ ಕೆಡುತ್ತದೆ, ಬಣ್ಣವೂ ಕಹಿಯೂ ಅದರಿಂದ. ಪೈಪನ್ನು ಕಿಟಕಿಯ ಬೆಳಕಿನಿಂದ ದೂರವಿಡಿ, ಸೇದಿದ ಮೇಲೆ ಬಾಯಿಯ ತುದಿಯನ್ನು ಒಣಬಟ್ಟೆಯಿಂದ ಒರೆಸಿ. ಬಣ್ಣ ಆಗಲೇ ಹೋಗಿದ್ದರೆ, ತಣ್ಣಗಿರುವಾಗ ಕೊಳವೆಯನ್ನು ಬಿಚ್ಚಿ ಅತಿ ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಕೊನೆಗೆ ಹಲ್ಲುಪೇಸ್ಟ್ ಹಾಕಿ ಹತ್ತಿ ಬಟ್ಟೆಯಿಂದ ತಿಕ್ಕಿ ತೊಳೆಯಿರಿ. ಕೀಲು ಕೂರುವ ಭಾಗಕ್ಕೆ ಮಾತ್ರ ಕಾಗದ ತಾಗಿಸಬೇಡಿ, ಸವೆದರೆ ಕೊಳವೆ ಸಡಿಲವಾಗಿ ಬಿದ್ದುಹೋಗುತ್ತದೆ. ಬಟ್ಟಲನ್ನು ನೀರಿಗೆ ಹಾಕಬೇಡಿ. ಒಂದು ಸಲ ಸೇದಿದ ಪೈಪಿಗೆ ಬೇಸಿಗೆಯಲ್ಲಿ ಒಂದು ದಿನದ ಬಿಡುವು ಸಾಕು, ಮಳೆಗಾಲದಲ್ಲಿ ಮರ ಒಣಗಲು ಮೂರು ನಾಲ್ಕು ದಿನ ಬೇಕಾಗುತ್ತದೆ. ಆ ದಿನಗಳಲ್ಲಿ ಅದರೊಳಗೆ ಹತ್ತಿ ಸುತ್ತಿದ ತಂತಿಯೊಂದನ್ನು ಹಾಗೆಯೇ ಬಿಟ್ಟಿದ್ದರೆ ಉಳಿದ ತೇವವನ್ನು ಅದು ಎಳೆದುಕೊಳ್ಳುತ್ತದೆ.